ಒಂದು ಗಂಟೆ, ಇಬ್ಬರ ಕರೆ

ಶಬ್ದವೊಂದಕ್ಕೆ ಎರಡು ಅರ್ಥಗಳಿದ್ದರೆ ಕವಿಗೆ ಸಂತೋಷ. ಅದನ್ನು ಆಜ್ಞೆಯೆಂದು ಕೇಳಿ ಕೆಲಸಕ್ಕೆ ಹೊರಡಬೇಕಾದವನಿಗೆ ಸಂಕಟ. ‘ಅರಸು’ ಎಂಬ ಮಾತನ್ನೇ ತೆಗೆದುಕೊಳ್ಳಿ. ನಾಮಪದವಾದರೆ ಅದು ದೊರೆ, ಕ್ರಿಯಾಪದವಾದರೆ ಹುಡುಕು. ಕಾವ್ಯದಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೆ ಮಿಂಚಿದರೆ ನಾವು ತಲೆದೂಗಿ ಅದನ್ನು ಶ್ಲೇಷೆ ಎನ್ನುತ್ತೇವೆ. ಆದರೆ ಬಾಗಿಲಲ್ಲಿ ನಿಂತ ಸೇವಕನೊಬ್ಬನಿಗೆ ಒಳಗಿನಿಂದ ‘ಅರಸು’ ಎಂಬ ಕೂಗು ಕೇಳಿಸಿದರೆ ಅವನು ಕೈಮುಗಿದು ನಿಲ್ಲಬೇಕೋ, ದೀಪ ಹಿಡಿದು ಹುಡುಕಲು ಹೊರಡಬೇಕೋ? ತರಗತಿಯಲ್ಲಿ ಮೂರು ದಶಕಗಳ ಕಾಲ ಶ್ಲೇಷೆಯ ಸೊಗಸನ್ನು ಪಾಠ ಹೇಳಿದ ನನಗೆ, ಅದರ ಸಂಕಟವನ್ನು ಕಲಿಸಿದ್ದು ಒಂದು ಹಳೆಯ ಕಂಪ್ಯೂಟರು. ಆ ಪಾಠಕ್ಕೆ ನಾನು ತೆತ್ತ ಶುಲ್ಕ ಸ್ವಲ್ಪ ಹೆಚ್ಚಾಯಿತು. ಅದರ ವಿಚಾರವನ್ನೇ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಅದು ೧೯೯೮ನೆಯ ಇಸವಿ. ಮೈಸೂರಿನ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದ ನಾನು, ಸ್ನೇಹಿತರೊಬ್ಬರು ಬಳಸಿ ಬಿಟ್ಟಿದ್ದ ಕಂಪ್ಯೂಟರನ್ನು ಕೊಂಡು ಮನೆಗೆ ತಂದಿದ್ದೆ. ಆ ವರ್ಷ ದಸರೆಗೆಂದು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಿಂದ ನನ್ನ ಅವ್ವ ಬಂದಳು. ಆಗ ಅವಳಿಗೆ ಎಪ್ಪತ್ತಾರು ವರ್ಷ. ಓದುಬರಹ ಕಲಿತವಳಲ್ಲ, ಆದರೆ ರಾಗಿ ಬೀಸುತ್ತ, ನಾಟಿ ಹಾಕುತ್ತ, ಮದುವೆಯ ಮನೆಗಳಲ್ಲಿ ಕುಳಿತು ಕಲಿತ ಪದಗಳು ಅವಳ ಕೊರಳಲ್ಲಿ ಎಷ್ಟಿದ್ದವೋ ಅವಳಿಗೇ ಲೆಕ್ಕವಿರಲಿಲ್ಲ. ಒಂದು ತಿಂಗಳು ಇರುವುದಾಗಿ ಒಪ್ಪಿದ್ದಳು. ದೀಪಾವಳಿಗೆ ಮಾತ್ರ ಹಳ್ಳಿಯಲ್ಲಿರಲೇಬೇಕು. ಹಬ್ಬದ ದಿನ ಕೊಟ್ಟಿಗೆಯ ದನಗಳಿಗೆ ಆರತಿ ಎತ್ತಲು ಬೇರೆ ಯಾರಿದ್ದಾರೆ ಎಂಬುದು ಅವಳ ವಾದ. ಆ ಒಂದು ತಿಂಗಳಿನಲ್ಲಿ ಅವಳ ಪದಗಳನ್ನೆಲ್ಲ ಕಂಪ್ಯೂಟರಿನೊಳಗೆ ತುಂಬಿಸಿಬಿಡಬೇಕು ಎಂಬುದು ನನ್ನ ಸಂಕಲ್ಪ.

ಟೇಪ್ ರೆಕಾರ್ಡರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದಕ್ಕೆ ಹತ್ತು ವರ್ಷಗಳ ಹಿಂದೆ ನಾನು ಸಂಗ್ರಹಿಸಿದ್ದ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿದು ಹಾಳಾಗಿದ್ದವು. ಆ ಅನುಭವದಿಂದ ಕ್ಯಾಸೆಟ್ಟಿನ ಮೇಲೆ ನನಗೆ ಮುನಿಸು ಬಂದಿತ್ತು. ಮುನಿಸು ಹಠವಾದಾಗ ಎದುರಿಗಿರುವ ಸುಲಭ ದಾರಿಯೂ ಕಣ್ಣಿಗೆ ಬೀಳುವುದಿಲ್ಲ.

ಪೇಟೆಯ ಅಂಗಡಿಯೊಂದರಿಂದ ಸೌಂಡ್ ಕಾರ್ಡು ತಂದು ಹಾಕಿಸಿದೆ. ಸದ್ದನ್ನು ಅಂಕಿಗಳನ್ನಾಗಿ ಮಾರ್ಪಡಿಸಿ ಒಳಗಿಡುವ, ಮತ್ತೆ ಆ ಅಂಕಿಗಳನ್ನು ಸದ್ದಾಗಿಸಿ ಹೊರಗೆ ಕೊಡುವ ಹಲಗೆ ಅದು. ಮೊದಲ ದಿನವೇ ಅವ್ವ ಒಂದು ಬೀಸುವ ಪದ ಹಾಡಿದಳು. ಯಂತ್ರ ಅದನ್ನು ಹಿಡಿದುಕೊಂಡು ಹಾಗೆಯೇ ತಿರುಗಿ ಹೇಳಿತು. ತನ್ನ ದನಿಯನ್ನು ತಾನೇ ಕೇಳಿ ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಮರುದಿನ ನನ್ನ ಅಣ್ಣನ ಮಗ ಬಂದ. ಅಮೆರಿಕದಲ್ಲಿ ಕೆಲಸದಲ್ಲಿದ್ದ ಅವನು ರಜೆಗೆಂದು ಊರಿಗೆ ಬಂದಿದ್ದ. ಚಿಕ್ಕಪ್ಪನಿಗೆ ಉಡುಗೊರೆಯಾಗಿ ಒಂದು ಮೋಡೆಮ್ ತಂದಿದ್ದ. ಟೆಲಿಫೋನ್ ತಂತಿಯ ಮೂಲಕ ಇ-ಮೇಲನ್ನೂ ಫ್ಯಾಕ್ಸನ್ನೂ ತರುವ ಮತ್ತೊಂದು ಹಲಗೆ ಅದು. ತಾನೇ ಪೆಟ್ಟಿಗೆ ಬಿಚ್ಚಿ ಅದನ್ನು ಕೂರಿಸಿದ. ಯಾವ ಹೊತ್ತಿನಲ್ಲಿ ಫ್ಯಾಕ್ಸ್ ಬಂದರೂ ಹಿಡಿದುಕೊಳ್ಳಲೆಂದು ಸದಾ ಕಾದು ಕುಳಿತಿರುವ ಒಂದು ಪ್ರೋಗ್ರಾಮನ್ನೂ ಹಾಕಿದ. ಎಲ್ಲವೂ ಸರಿಯಾಗಿ ನಡೆಯಿತು. ಆ ಸಂಜೆ ಅವ್ವನ ಪದವನ್ನು ಮೊಮ್ಮಗನಿಗೆ ಕೇಳಿಸಬೇಕೆಂದು ಹಚ್ಚಿದೆ. ಮೊದಲ ಅರ್ಧ ಸೆಕೆಂಡಿನ ತುಣುಕು ಕೇಳಿಸಿತು, ಮತ್ತೆ ಅದೇ ತುಣುಕು, ಮತ್ತೆ ಅದೇ. ಸೂಜಿ ಸಿಕ್ಕಿಕೊಂಡ ಗ್ರಾಮಫೋನಿನ ತಟ್ಟೆಯಂತೆ ಒಂದೇ ಅಕ್ಷರ ಸುತ್ತತೊಡಗಿತು. ಹೊಸದಾಗಿ ಧ್ವನಿಮುದ್ರಣ ಮಾಡಲು ಹೋದರೆ ಅದೂ ಸಾಗಲಿಲ್ಲ. ಅವ್ವ ಕೇಳಿದಳು: “ಅಲ್ಲ ಕಣಪ್ಪ, ನಾನೇನು ಒಂದು ಮಾತ್ನ ಹತ್ತು ಸಲ ಅಂತೀನಾ?”

ಇಲ್ಲಿಂದ ಮುಂದೆ ನಾನು ನಡೆದುಕೊಂಡ ರೀತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಹಾಡು ಕೆಟ್ಟಿದೆ, ಹಾಡುವುದು ಸೌಂಡ್ ಕಾರ್ಡು, ಆದ್ದರಿಂದ ಕೆಟ್ಟಿರುವುದು ಸೌಂಡ್ ಕಾರ್ಡು. ಇದು ನನ್ನ ತರ್ಕ. ಕಾರ್ಡನ್ನು ಕಿತ್ತು ಅಂಗಡಿಗೆ ಒಯ್ದೆ. ಅಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಅದನ್ನು ಅಂಗಡಿಯ ಯಂತ್ರಕ್ಕೆ ಹಾಕಿ ತೋರಿಸಿದ, ಸೊಗಸಾಗಿ ಹಾಡಿತು. ಮನೆಗೆ ತಂದು ಹಾಕಿದರೆ ಮತ್ತೆ ಅದೇ ತೊದಲು. ಎರಡನೆಯ ಸಲ ಹೋದಾಗ ಅವನು ಬೇರೆ ಕಾರ್ಡನ್ನೇ ಕೊಟ್ಟ. ಅದೂ ನಮ್ಮ ಮನೆಯಲ್ಲಿ ಹಾಗೆಯೇ ತೊದಲಿತು. ಎರಡು ಬೇರೆ ಬೇರೆ ಕಾರ್ಡುಗಳಿಗೆ ಒಂದೇ ರೋಗ ಬಂದರೆ ರೋಗವಿರುವುದು ಕಾರ್ಡಿನಲ್ಲಲ್ಲ ಎಂದು ತಿಳಿಯಬೇಕಾಗಿತ್ತು. ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ಅಭ್ಯಾಸವಿದ್ದ ನನಗೆ ಅಷ್ಟು ಹೊಳೆಯಲಿಲ್ಲ. ಮೂರನೆಯ ಸಲ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ, ಕೆಟ್ಟ ಮಾಲು ಮಾರುವವರೆಂದೂ ವಯಸ್ಸಿಗೆ ತಕ್ಕ ಪ್ರಾಮಾಣಿಕತೆ ಇಲ್ಲವೆಂದೂ ಆ ಹುಡುಗನಿಗೆ ಹೇಳಬಾರದ ಮಾತುಗಳನ್ನು ಹೇಳಿಬಿಟ್ಟೆ. ಅವನು ತಲೆ ತಗ್ಗಿಸಿ, “ಕಾರ್ಡು ಚೆನ್ನಾಗಿದೆ ಸಾರ್” ಎಂದಷ್ಟೇ ಹೇಳಿದ. ಹೀಗೆ ಓಡಾಡುವುದರಲ್ಲಿ ಮೂರು ವಾರಗಳು ಕಳೆದುಹೋದವು. ಅವ್ವ ಊರಿಗೆ ಹೊರಡಲು ಇನ್ನು ಐದು ದಿನ ಉಳಿದಿತ್ತು.

ಮೋಡೆಮ್ಮಿನ ಮೇಲೆ ನನಗೆ ಒಮ್ಮೆಯಾದರೂ ಸಂಶಯ ಬರಲಿಲ್ಲವೇ? ಬರಲಿಲ್ಲ. ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು; ಚೆನ್ನಾಗಿ ಕೆಲಸ ಮಾಡುತ್ತಿರುವವರ ಮೇಲೆ ಯಾರೂ ಸಂಶಯಪಡುವುದಿಲ್ಲ. ಮೇಲಾಗಿ ಅದು ಮನೆಯ ಮಗ ಪ್ರೀತಿಯಿಂದ ತಂದುಕೊಟ್ಟದ್ದು. ಕಾರ್ಡಾದರೋ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದು. ಸಂಶಯವೂ ಸಂಬಂಧವನ್ನು ನೋಡಿಕೊಂಡೇ ಹುಟ್ಟುತ್ತದೆ ಎಂದು ಕಾಣುತ್ತದೆ.

ಮರುದಿನ ಸಂಜೆ ಆ ಹುಡುಗ ತಾನಾಗಿಯೇ ವಿಳಾಸ ಹುಡುಕಿಕೊಂಡು ನಮ್ಮ ಮನೆಗೆ ಬಂದ. “ಒಂದು ಸಲ ನಿಮ್ಮ ಮೆಷಿನ್ನೇ ನೋಡ್ತೀನಿ ಸಾರ್” ಎಂದ. ತಿರುಪು ಬಿಚ್ಚುವ ಮೊದಲು ಅವನು ಕೇಳಿದ ಪ್ರಶ್ನೆ ಒಂದೇ: “ಮೊದಲನೇ ದಿನ ಹಾಡ್ತಲ್ಲ ಸಾರ್, ಅದಾದ್ಮೇಲೆ ಏನೇನು ಹೊಸದಾಗಿ ಹಾಕಿದ್ರಿ?” ಮೋಡೆಮ್ ಎಂದೆ. ಅವನು ಕಾದು ಕುಳಿತಿದ್ದ ಆ ಫ್ಯಾಕ್ಸ್ ಪ್ರೋಗ್ರಾಮನ್ನು ಮುಚ್ಚಿ, ಪದವನ್ನು ಹಚ್ಚಿದ. ಮೂರು ವಾರಗಳ ಮೇಲೆ ಅವ್ವನ ದನಿ ಇಡಿಯಾಗಿ ಕೇಳಿಸಿತು. ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅವನು ನಿಲ್ಲಿಸಲಿಲ್ಲ. ಪ್ರೋಗ್ರಾಮನ್ನು ಮತ್ತೆ ತೆರೆದ, ತೊದಲು ಮರಳಿತು. ಮತ್ತೆ ಮುಚ್ಚಿದ, ಹಾಡು ಸರಿಹೋಯಿತು. ಒಂದು ಸಲ ಸರಿಹೋದರೆ ಅದು ಅದೃಷ್ಟವಿರಬಹುದು. ಬೇಕೆಂದಾಗ ಕೆಡಿಸಿ, ಬೇಕೆಂದಾಗ ಸರಿಪಡಿಸಲು ಬಂದರೆ ಮಾತ್ರ ಕಾರಣ ಕೈಗೆ ಸಿಕ್ಕಿತೆಂದು ಅರ್ಥ.

ಆಮೇಲೆ ಅವನು ವಿಂಡೋಸ್ ೯೫ರಲ್ಲಿ ಯಂತ್ರದ ಅಂಗಾಂಗಗಳ ಪಟ್ಟಿಯೊಂದನ್ನು ತೆರೆದು ತೋರಿಸಿದ. ಅದಕ್ಕೆ ಡಿವೈಸ್ ಮ್ಯಾನೇಜರ್ ಎಂದು ಹೆಸರು. ಒಂದು ಸಾಲಿನ ಮುಂದೆ ಹಳದಿಯ ಬಿಲ್ಲೆ, ಅದರೊಳಗೆ ಭಾವಸೂಚಕ ಚಿಹ್ನೆ. ವ್ಯಾಕರಣದ ಪಾಠದಲ್ಲಿ ಆ ಚಿಹ್ನೆಯನ್ನು ಮಕ್ಕಳಿಗೆ ವರ್ಷ ವರ್ಷವೂ ಬರೆದು ತೋರಿಸಿದವನು ನಾನು; ನನ್ನ ಮನೆಯಲ್ಲೇ ಮೂರು ವಾರಗಳಿಂದ ಅದು ಕೂಗುತ್ತಿದ್ದುದು ನನಗೆ ಕಾಣಿಸಿರಲಿಲ್ಲ. ಹುಡುಗ ಹೇಳಿದ: “ಕಾರ್ಡಿನ ತಪ್ಪೂ ಅಲ್ಲ, ಮೋಡೆಮ್ ತಪ್ಪೂ ಅಲ್ಲ ಸಾರ್. ಎರಡಕ್ಕೂ ಐದನೇ ನಂಬರೇ ಬಿದ್ದುಬಿಟ್ಟಿದೆ.”

ಈ ಐದನೆಯ ನಂಬರು ಏನೆಂಬುದನ್ನು ನನಗೆ ತಿಳಿದಂತೆ ಬಿಡಿಸಿ ಹೇಳುತ್ತೇನೆ. ಹಳೆಯ ಲಾಡ್ಜುಗಳಲ್ಲಿ ಕೆಳಗಿನ ಪಡಸಾಲೆಯ ಗೋಡೆಗೆ ಒಂದು ಕರೆಗಂಟೆಯ ಫಲಕವಿರುತ್ತಿತ್ತು. ಮೇಲಿನ ಕೋಣೆಯವರು ಗುಂಡಿ ಒತ್ತಿದರೆ ಗಂಟೆ ಬಾರಿಸಿ, ಆ ಕೋಣೆಯ ನಂಬರು ಫಲಕದಲ್ಲಿ ಬೆಳಗುತ್ತಿತ್ತು. ಕೆಲಸದ ಹುಡುಗ ನಂಬರು ನೋಡಿಕೊಂಡು ಮೇಲೆ ಓಡುತ್ತಿದ್ದ. ಕಂಪ್ಯೂಟರಿನೊಳಗೂ ಇಂಥದೇ ಏರ್ಪಾಡಿದೆ. ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಒಬ್ಬನೇ ಆಳು ತನ್ನ ಪಾಡಿಗೆ ಕೆಲಸದಲ್ಲಿ ಮುಳುಗಿರುತ್ತಾನೆ. ಕೀಲಿಮಣೆಯನ್ನು ಒತ್ತಿದಾಗ, ಡಿಸ್ಕು ಓದಿ ಮುಗಿಸಿದಾಗ, ಮೋಡೆಮ್ಮಿಗೆ ಅಕ್ಷರವೊಂದು ಬಂದಾಗ, ಆಯಾ ಉಪಕರಣ ತನ್ನ ತನ್ನ ತಂತಿಯಲ್ಲಿ ಗಂಟೆ ಬಾರಿಸಿ ಅವನನ್ನು ಕರೆಯುತ್ತದೆ. ಈ ಕರೆಗೆ ಇಂಟರಪ್ಟ್ ಎಂದೂ ತಂತಿಯ ಸಂಖ್ಯೆಗೆ ಐ.ಆರ್.ಕ್ಯೂ. ಎಂದೂ ಹೆಸರು.

೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರಲ್ಲಿದ್ದದ್ದು ಇಂತಹ ಎಂಟೇ ತಂತಿಗಳು. ೧೯೮೪ರ ಎ.ಟಿ. ಮಾದರಿಯಲ್ಲಿ ಇನ್ನೂ ಎಂಟನ್ನು ಸೇರಿಸಿದರು. ಆದರೆ ಎರಡು ಫಲಕಗಳನ್ನು ಜೋಡಿಸುವುದಕ್ಕೆ ಒಂದು ತಂತಿ ವೆಚ್ಚವಾಗಿ ಹದಿನೈದು ಉಳಿದವು. ಇವುಗಳಲ್ಲಿ ಬಹುಪಾಲು ಮೊದಲೇ ಹಂಚಿಹೋಗಿದ್ದವು. ಸೊನ್ನೆ ಗಡಿಯಾರದ ಮಿಡಿತಕ್ಕೆ, ಒಂದು ಕೀಲಿಮಣೆಗೆ, ಮೂರು ಮತ್ತು ನಾಲ್ಕು ಸೀರಿಯಲ್ ಪೋರ್ಟುಗಳಿಗೆ, ಆರು ಫ್ಲಾಪಿಗೆ, ಏಳು ಪ್ರಿಂಟರಿಗೆ, ಹದಿನಾಲ್ಕು ಹಾರ್ಡ್ ಡಿಸ್ಕಿಗೆ. ಐದನೆಯದನ್ನು ಎರಡನೆಯ ಪ್ರಿಂಟರಿಗೆಂದು ತೆಗೆದಿಟ್ಟಿದ್ದರು. ಮನೆಯಲ್ಲಿ ಎರಡು ಪ್ರಿಂಟರು ಇಟ್ಟುಕೊಂಡವರು ಅಪರೂಪವಾದ್ದರಿಂದ ಅದು ಖಾಲಿ ನಿವೇಶನದಂತೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಸೌಂಡ್ ಕಾರ್ಡುಗಳನ್ನು ಕಾರ್ಖಾನೆಯಲ್ಲೇ ಐದಕ್ಕೆ ಹೊಂದಿಸಿಡುವುದು ರೂಢಿಯಾಗಿತ್ತು. ಹುಡುಗ ಬದಲಿಸಿ ಕೊಟ್ಟ ಕಾರ್ಡೂ ಅದೇ ತೊದಲು ತೊದಲಿದ್ದು ಇದರಿಂದಲೇ. ಅಣ್ಣನ ಮಗನೂ ಲೆಕ್ಕ ಹಾಕಿಯೇ ನಡೆದಿದ್ದ. ಅವನ ಮೋಡೆಮ್ ಗಿಡ್ಡ ಹಲಗೆಯದು. ಅಂತಹ ಹಲಗೆಗಳ ಬುಡ ದೊಡ್ಡ ಸಂಖ್ಯೆಯ ತಂತಿಗಳನ್ನು ಮುಟ್ಟುವುದೇ ಇಲ್ಲ. ಮೂರು, ನಾಲ್ಕು, ಏಳು ತುಂಬಿವೆ. ಉಳಿದದ್ದು ಐದು ಎಂದು ಅವನು ಐದನ್ನು ಆರಿಸಿದ್ದ. ಆರಿಸಿದವರು ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಒಬ್ಬರು ಆರಿಸಿದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಅಷ್ಟೇ.

ಹಾಡು ತೊದಲಿದ್ದೇಕೆ ಎಂಬುದೂ ಈಗ ತಿಳಿಯುತ್ತದೆ. ಪ್ರೊಸೆಸರು ಹಾಡನ್ನು ಒಂದೇ ಸಲಕ್ಕೆ ಕಾರ್ಡಿಗೆ ಕೊಡುವುದಿಲ್ಲ. ಸ್ಮೃತಿಕೋಶದ ಒಂದು ಚಿಕ್ಕ ಅಂಕಣದಲ್ಲಿ ಸ್ವಲ್ಪ ಸ್ವಲ್ಪವೇ ಬಡಿಸಿಡುತ್ತದೆ. ಕಾರ್ಡು ಅದನ್ನು ಡಿ.ಎಂ.ಎ. ಎಂಬ ಹಿತ್ತಿಲ ದಾರಿಯಿಂದ ತಾನೇ ಎತ್ತಿಕೊಂಡು ನುಡಿಸುತ್ತ, ಮುಗಿಯುತ್ತ ಬಂದಾಗ ಗಂಟೆ ಬಾರಿಸಿ ‘ಇನ್ನಷ್ಟು ಬಡಿಸು’ ಎನ್ನುತ್ತದೆ. ಆದರೆ ಫ್ಯಾಕ್ಸಿಗಾಗಿ ಕಾದಿದ್ದ ಮೋಡೆಮ್ ಅದೇ ಐದನೆಯ ತಂತಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಕಾರ್ಡು ಕರೆದದ್ದು ಪ್ರೊಸೆಸರಿಗೆ ಕೇಳಿಸಲೇ ಇಲ್ಲ. ಹೊಸದು ಬಾರದಿದ್ದುದರಿಂದ ಕಾರ್ಡು ಎಲೆಯಲ್ಲಿದ್ದ ಅದೇ ತುತ್ತನ್ನು ಮತ್ತೆ ಮತ್ತೆ ನುಡಿಸಿತು. ನಾನು ಕೆಟ್ಟುಹೋಗಿದೆ ಎಂದುಕೊಂಡದ್ದು, ತನ್ನ ಕರೆಗೆ ಯಾರೂ ಓಗೊಡದಿದ್ದಾಗಲೂ ತನ್ನಲ್ಲಿದ್ದಷ್ಟನ್ನು ಬಿಡದೆ ಹೇಳುತ್ತಿತ್ತು. ಅಂಗಡಿಯ ಯಂತ್ರದಲ್ಲಿ ಮೋಡೆಮ್ ಇರಲಿಲ್ಲ. ಆದ್ದರಿಂದ ಅಲ್ಲಿ ಅದು ಚೆನ್ನಾಗಿ ಹಾಡಿತ್ತು.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ. ಹುಡುಗ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡ. ಸೌಂಡ್ ಕಾರ್ಡಿನ ಮೇಲೆ ಸಣ್ಣ ಮುಳ್ಳುಗಳ ಸಾಲುಗಳಿದ್ದವು. ಅವುಗಳಲ್ಲಿ ಎರಡು ಮುಳ್ಳುಗಳನ್ನು ಕೂಡಿಸಿ ಹಿಡಿದಿದ್ದ, ಜೋಳದ ಕಾಳಿನಷ್ಟು ದಪ್ಪದ ಜಂಪರ್ ಎಂಬ ಟೊಪ್ಪಿಯನ್ನು ಚಿಮಟದಿಂದ ಕಿತ್ತು ಐದರಿಂದ ಹತ್ತಕ್ಕೆ ಸರಿಸಿದ. ಅದು ಉದ್ದ ಬುಡದ ಕಾರ್ಡಾದ್ದರಿಂದ ಹತ್ತನೆಯ ತಂತಿ ಅದಕ್ಕೆ ಎಟುಕುತ್ತಿತ್ತು. ವಿಂಡೋಸಿಗೂ ಹೊಸ ಸಂಖ್ಯೆಯನ್ನು ತಿಳಿಸಿದ. ಹಳದಿ ಬಿಲ್ಲೆ ಮಾಯವಾಯಿತು. ಫ್ಯಾಕ್ಸ್ ಕಾಯುತ್ತಿರುವಾಗಲೇ ಅವ್ವ ಹಾಡಿದಳು. ಯಾವುದನ್ನೂ ಕಿತ್ತೆಸೆಯಲಿಲ್ಲ, ಹೊಸದಾಗಿ ಏನನ್ನೂ ಕೊಳ್ಳಲಿಲ್ಲ.

ಹೋಗುವ ಮುನ್ನ ಅವನು ಒಂದು ಕಾಗದ ಕೇಳಿ, ಯಾವ ಉಪಕರಣಕ್ಕೆ ಯಾವ ಸಂಖ್ಯೆ, ಯಾವ ವಿಳಾಸ, ಯಾವ ಡಿ.ಎಂ.ಎ. ದಾರಿ ಎಂಬುದನ್ನು ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿದ. ಗಂಟೆಯೊಂದೇ ಅಲ್ಲ, ಉಳಿದ ಎರಡೂ ಇಬ್ಬರಿಗೆ ಬಿದ್ದರೆ ಇಂಥದೇ ಜಗಳ ಹುಟ್ಟುತ್ತದೆ ಎಂದ. ಕೆಲವು ಮನೆಗಳಲ್ಲಿ ಮೋಡೆಮ್ಮಿನ ಸಂಪರ್ಕ ಹಚ್ಚಿದೊಡನೆ ಮೌಸು ಹೆಪ್ಪುಗಟ್ಟಿ ನಿಲ್ಲುತ್ತದಂತೆ. ಒಂದನೆಯ ಮತ್ತು ಮೂರನೆಯ ಸೀರಿಯಲ್ ಪೋರ್ಟುಗಳೆರಡಕ್ಕೂ ರೂಢಿಯಲ್ಲಿ ನಾಲ್ಕನೆಯ ತಂತಿಯೇ ಇರುವುದು ಅದಕ್ಕೆ ಕಾರಣ. ಏನೂ ತಿಳಿಯದೆ ಹೋದರೆ ಮಾಡಬೇಕಾದ ಕೆಲಸವನ್ನೂ ಹೇಳಿಕೊಟ್ಟ. ಯಂತ್ರ ಏಳುವುದಕ್ಕೆ ಬೇಕೇ ಬೇಕಾದ ಹಲಗೆಗಳನ್ನು ಮಾತ್ರ ಉಳಿಸಿ ಮಿಕ್ಕವನ್ನೆಲ್ಲ ತೆಗೆಯಬೇಕು. ಆಮೇಲೆ ಒಂದೊಂದನ್ನೇ ಸೇರಿಸಿ ಪ್ರತಿ ಸಲವೂ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಗ್ರಂಥಸಂಪಾದನೆಯ ಬಗ್ಗೆ ನಾನು ಮಾಡುತ್ತಿದ್ದ ಉಪನ್ಯಾಸಗಳಿಗಿಂತ ಇದು ಚಿಕ್ಕದಾಗಿತ್ತು, ಹೆಚ್ಚು ಸ್ಪಷ್ಟವಾಗಿಯೂ ಇತ್ತು.

ಈ ತೊಡಕು ಇಂದಿನ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ. ಅದು ಇಲ್ಲವಾದ ಬಗೆ ನನಗೆ ತುಂಬ ಹಿಡಿಸಿತು. ೧೯೯೨ರಲ್ಲಿ ಇಂಟೆಲ್ ಸಂಸ್ಥೆ ಪಿ.ಸಿ.ಐ. ಎಂಬ ಹೊಸ ಜೋಡಣೆಯ ಕ್ರಮವನ್ನು ತಂದಿತು. ಅದರಲ್ಲಿ ಒಂದೇ ತಂತಿಯನ್ನು ಹಲವರು ಹಂಚಿಕೊಳ್ಳಬಹುದು. ಯಾರಾದರೊಬ್ಬರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತೂ ಗಂಟೆ ಬಾರಿಸುತ್ತಲೇ ಇರುತ್ತದೆ. ಆಳು ಒಂದು ಕೋಣೆಗೆ ಹೋಗಿ ‘ಕರೆದವರು ನೀವೇನು?’ ಎಂದು ಕೇಳುತ್ತಾನೆ. ಅಲ್ಲವೆಂದರೆ ಮುಂದಿನ ಕೋಣೆಗೆ ಹೋಗುತ್ತಾನೆ. ಗಂಟೆ ನಿಲ್ಲುವ ತನಕ ಹೀಗೆ ಕೇಳುತ್ತ ನಡೆಯುತ್ತಾನೆ. ವಿಂಡೋಸ್ ೯೫ರೊಡನೆ ಬಂದ ‘ಪ್ಲಗ್ ಅಂಡ್ ಪ್ಲೇ’ ಎಂಬ ಏರ್ಪಾಡು ಹೊಸ ಕಾರ್ಡುಗಳಿಗೆ ತಾನೇ ಸಂಖ್ಯೆ ಹಂಚತೊಡಗಿತು. ನಮ್ಮ ಮನೆಯಲ್ಲಿದ್ದಂತಹ ಜಂಪರಿನ ಹಳೆಯ ಕಾರ್ಡುಗಳ ಮೇಲೆ ಮಾತ್ರ ಅದರ ಅಧಿಕಾರ ನಡೆಯುತ್ತಿರಲಿಲ್ಲ. ಇಂದಿನ ಯಂತ್ರಗಳಲ್ಲಾದರೋ ಬಹಳ ಉಪಕರಣಗಳು ಗಂಟೆಯ ತಂತಿಯನ್ನೇ ಬಿಟ್ಟು, ಸ್ಮೃತಿಕೋಶದ ಗೊತ್ತಾದ ಜಾಗಕ್ಕೆ ಪುಟ್ಟ ಓಲೆಯೊಂದನ್ನು ಬರೆದು ತಮ್ಮ ಕರೆಯನ್ನು ತಿಳಿಸುತ್ತವೆ. ‘ಕರೆದವರು ನೀವೇನು?’ ಎಂಬ ಒಂದು ಪ್ರಶ್ನೆಯನ್ನು ಯಂತ್ರಕ್ಕೆ ಕಲಿಸಿದ ಮೇಲೆ ಅಷ್ಟು ವರ್ಷಗಳ ಜಗಳ ತಣ್ಣಗಾಯಿತು. ಆ ಪ್ರಶ್ನೆಯನ್ನು ನಾನು ಮೋಡೆಮ್ಮಿಗೆ ಕೇಳಿರಲಿಲ್ಲ. ಆ ಹುಡುಗನಿಗಂತೂ ಕೇಳಿರಲೇ ಇಲ್ಲ.

ಅವನು ಅಂದು ಹಣ ಮುಟ್ಟಲಿಲ್ಲ. ಅವ್ವ ಕಾಗದದಲ್ಲಿ ಕಟ್ಟಿಕೊಟ್ಟ ಚಕ್ಕುಲಿಯನ್ನು ಮಾತ್ರ ತೆಗೆದುಕೊಂಡ. “ತಪ್ಪು ತಿಳಿದೆನಪ್ಪಾ, ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದೆ. “ಪರವಾಗಿಲ್ಲ ಸಾರ್” ಎಂದು ಹೊರಟುಹೋದ. ನಾಲ್ಕು ಜನರೆದುರು ಆಡಿದ ಮಾತಿಗೆ ನಡುಮನೆಯಲ್ಲಿ ಕೇಳಿದ ಕ್ಷಮೆ ಸಾಟಿಯಾಗದು. ಅಂಗಡಿಗೇ ಹೋಗಿ ಎಲ್ಲರ ಎದುರಿಗೆ ಹೇಳಬೇಕೆಂದುಕೊಂಡೆ. ನಾಳೆ, ನಾಡಿದ್ದು ಎಂದು ತಳ್ಳಿದೆ. ಕೆಲವು ತಿಂಗಳ ಮೇಲೆ ಹೋದಾಗ ಅಲ್ಲಿ ಬಟ್ಟೆಯ ಅಂಗಡಿ ಬಂದಿತ್ತು. ಹೇಳಬೇಕಾಗಿದ್ದ ಆ ಮಾತನ್ನು ಇಂದು ಬಹಿರಂಗವಾಗಿ ಹೇಳುತ್ತಿದ್ದೇನೆ: ಅವನು ಕೊಟ್ಟ ಕಾರ್ಡು ಚೆನ್ನಾಗಿತ್ತು.

ಉಳಿದ ಐದು ದಿನಗಳಲ್ಲಿ ಅವ್ವ ಹತ್ತು ಪದಗಳನ್ನು ಹಾಡಿದಳು. ಮೊದಲ ದಿನದ್ದೂ ಸೇರಿ ಹನ್ನೊಂದು. “ಇನ್ನೂ ಬೇಕಾದಷ್ಟವೆ, ಬರೋ ವರ್ಷ ಹೇಳ್ತೀನಿ ಬಿಡು” ಎಂದು ದೀಪಾವಳಿಗೆ ಹಳ್ಳಿಯ ಬಸ್ಸು ಹತ್ತಿದಳು. ಬರುವ ವರ್ಷ ಮಂಡಿನೋವೆಂದು ಬರಲಿಲ್ಲ. ಟೇಪ್ ರೆಕಾರ್ಡರನ್ನಾದರೂ ಹಿಡಿದು ನಾನೇ ಹೋಗಬೇಕೆಂದು ಅಂದುಕೊಂಡದ್ದೇ ಬಂತು. ೨೦೦೦ದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ಆ ಕಂಪ್ಯೂಟರು ಈಗ ನಮ್ಮ ಅಟ್ಟದ ಮೇಲಿದೆ. ಹುಡುಗ ಅಂಟಿಸಿದ ಕಾಗದ ಹಳದಿಯಾಗಿದ್ದರೂ ಅಕ್ಷರಗಳು ಅಳಿಸಿಲ್ಲ. ಐದು ಮೋಡೆಮ್ಮಿಗೆ, ಹತ್ತು ಹಾಡಿಗೆ ಎಂದು ಅದರಲ್ಲಿ ಬರೆದಿದೆ. ಹನ್ನೊಂದು ಪದಗಳು ಯಂತ್ರದಿಂದ ಯಂತ್ರಕ್ಕೆ ದಾಟಿ ಈಗ ನನ್ನ ಮೊಮ್ಮಗಳ ಮೊಬೈಲಿನಲ್ಲಿವೆ. ಅವಳು ಒಮ್ಮೊಮ್ಮೆ ಅವನ್ನು ಹಚ್ಚಿ, ಮುಗಿದ ಮೇಲೆ, “ಇಷ್ಟೇನಾ ತಾತ?” ಎಂದು ಕೇಳುತ್ತಾಳೆ. ಇಷ್ಟೇ ಎನ್ನುತ್ತೇನೆ.